ಚಿಕ್ಕಮ್ಮಾ, ಪುಟ್ಟನಿಗೆ ಮೊದಲು ರೂಮು ನೋಡೋಣ

ಚಿಕ್ಕಮ್ಮಾ, ನಿನ್ನೆ ರಾತ್ರಿ ನೀವು ಗ್ರೂಪಲ್ಲಿ ಹಾಕಿದ್ದನ್ನು ಈಗ ಟ್ರಾಮಲ್ಲಿ ಕೂತು ಓದಿದೆ. ಹತ್ತು ದಿನದಿಂದ ನನ್ನ ಫೋನಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಪುಟ್ಟನಿಗೂ ಏಪ್ರಿಲ್‌ಗೆ ಇಲ್ಲೇ ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ಸೀಟು ಸಿಕ್ಕಿದೆ, ಕಳಿಸೋದಾ ಬೇಡವಾ ಅಂತಲೂ ಕೇಳಿದ್ದೀರಿ. ಇಲ್ಲಿ ಟ್ರಾಮಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಅದಕ್ಕೇ ಮಾತಾಡಿದ ಹಾಗೆಯೇ ಬರೆಯುತ್ತಿದ್ದೇನೆ.

ಮೊದಲು ಫೋನಿನ ವಿಷಯ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ. ಮೂರೂವರೆ ಗಂಟೆ ಇದ್ದ ವ್ಯತ್ಯಾಸ ನಾಲ್ಕೂವರೆ ಆಯಿತು. ನನ್ನ ಕ್ಲಾಸು ಮುಗಿಯುವುದು ಸಂಜೆ ಆರಕ್ಕೆ. ಆಗ ಹಾಸನದಲ್ಲಿ ಹತ್ತೂವರೆ, ನೀವು ಮಲಗಿರುತ್ತೀರಿ. ಎಬ್ಬಿಸೋದು ಬೇಡ ಅಂತ ಸುಮ್ಮನಾದೆ. ಮರೆತಿಲ್ಲ ಚಿಕ್ಕಮ್ಮಾ.

ಪುಟ್ಟನನ್ನು ಖಂಡಿತ ಕಳಿಸಿ. ಆದರೆ ರೂಮು ಗೊತ್ತಾಗದೆ ವಿಮಾನ ಹತ್ತಿಸಬೇಡಿ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ನಾನು ಓದುತ್ತಿರುವ ಡ್ರೆಸ್ಡನ್‌ಗೆ ಬಂದ ಮೊದಲ 12 ದಿನ ನನಗೆ ಸ್ವಂತ ರೂಮು ಇರಲಿಲ್ಲ. ವಾರಂಗಲ್‌ನ ಒಬ್ಬ ಹುಡುಗಿ, ಮುಖಪರಿಚಯವೂ ಇಲ್ಲದವಳು, ತನ್ನ ರೂಮಿನ ನೆಲದಲ್ಲಿ ಹಾಸಿಗೆ ಹಾಕಿಕೊಟ್ಟಳು. ಅಮ್ಮನಿಗೆ ಆಗ ಹೇಳಿರಲಿಲ್ಲ. ಅಮ್ಮಾ, ಓದುತ್ತಿದ್ದರೆ ಗಾಬರಿಯಾಗಬೇಡ, ಈಗ ಎಲ್ಲ ಸರಿಯಾಗಿದೆ.

ರೂಮು ಯಾಕೆ ಅಷ್ಟು ಮುಖ್ಯ ಅಂದರೆ, ಇಲ್ಲಿ ಒಂದು ಕಾಗದಕ್ಕೆ ಇನ್ನೊಂದು ಕಾಗದ ಗಂಟು ಹಾಕಿಕೊಂಡಿದೆ. ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಓನರ್ ಸಹಿ ಮಾಡಿದ ಕಾಗದ ಇಲ್ಲದಿದ್ದರೆ ಅದು ಆಗಲ್ಲ. ನಾನು ಹೋದ ಬ್ಯಾಂಕಲ್ಲಿ ಆ ನೋಂದಣಿ ಕಾಗದ ಇಲ್ಲದೆ ಖಾತೆ ತೆರೆಯಲಿಲ್ಲ. ಖಾತೆ ಇಲ್ಲದಿದ್ದರೆ ನಮ್ಮದೇ ದುಡ್ಡು ನಮ್ಮ ಕೈಗೆ ಬರಲ್ಲ. ವೀಸಾಗೆ ಅಂತ ದೊಡ್ಡಪ್ಪ ಸಾಲಕ್ಕೆ ಜಾಮೀನು ನಿಂತು ಹೊಂದಿಸಿಕೊಟ್ಟ 11,904 ಯೂರೋ ಇತ್ತಲ್ವಾ, ಅದು ಬ್ಲಾಕ್ಡ್ ಅಕೌಂಟಲ್ಲಿ ಕೂತಿರುತ್ತದೆ. ತಿಂಗಳಿಗೆ 992 ಮಾತ್ರ ಹೊರಗೆ ಬಿಡುತ್ತಾರೆ, ಅದೂ ಇಲ್ಲಿನ ಖಾತೆಗೆ. ಆ ಮೊದಲ ಕಂತು ಬರುವವರೆಗೆ ಕೈಯಲ್ಲಿದ್ದ ನೋಟುಗಳನ್ನು ಎಣಿಸಿ ಎಣಿಸಿ ಖರ್ಚು ಮಾಡಿದೆ. ಬಾಡಿಗೆ, 140 ಯೂರೋ ಮೇಲಾಗುವ ಆರೋಗ್ಯ ವಿಮೆ, ಎಲ್ಲ ಆ 992ರಲ್ಲೇ ಆಗಬೇಕು. ಪುಟ್ಟನ ಕೈಗೆ ಎರಡು ತಿಂಗಳಿಗೆ ಆಗುವಷ್ಟು ಬೇರೆ ದುಡ್ಡು ಕೊಡಿ.

ಊಟದ ಚಿಂತೆ ಜಾಸ್ತಿ ಬೇಡ. ಸೋನಾ ಮಸೂರಿ, ತೊಗರಿಬೇಳೆ ಎರಡೂ ಸಿಗುತ್ತವೆ. ಆದರೆ ಭಾನುವಾರ ಅಂಗಡಿ ಮುಚ್ಚಿರುತ್ತವೆ. ನನಗೆ ಗೊತ್ತಿರಲಿಲ್ಲ, ಮೊದಲ ಭಾನುವಾರ ಇಡೀ ದಿನ ಬ್ರೆಡ್ಡಿಗೆ ಅಜ್ಜಿಯ ಚಟ್ನಿಪುಡಿ ಹಚ್ಚಿಕೊಂಡು ತಿಂದೆ. ಆ ಡಬ್ಬಿ ತೆಗೆದಾಗ ಬಂದ ವಾಸನೆಗೆ ಅಳು ತಡೆಯಲಾಗಲಿಲ್ಲ.

ಓದಿನ ವಿಷಯಕ್ಕೆ ಬಂದರೆ, ಪುಟ್ಟ ಬುದ್ಧಿವಂತ, ಪಾಠ ಅವನಿಗೆ ಕಷ್ಟವಾಗಲ್ಲ. ಕಷ್ಟ ಬೇರೆ ಇದೆ. ಇಲ್ಲಿ ಯಾರೂ ನಮ್ಮನ್ನು ಕೇಳುವುದಿಲ್ಲ. ನನ್ನ ಕ್ಲಾಸುಗಳಲ್ಲಿ ಹಾಜರಿ ಇಲ್ಲ, ಇಂಟರ್ನಲ್ಸ್ ಇಲ್ಲ. ಫೆಬ್ರವರಿಯಲ್ಲಿ ಒಂದೇ ಪರೀಕ್ಷೆ, ಅದಕ್ಕೂ ನಾವೇ ಹೋಗಿ ಹೆಸರು ಕೊಡಬೇಕು. ದಿನ ತಪ್ಪಿದರೆ ಬರೆಯುವ ಹಾಗಿಲ್ಲ. ಹಾಸನದಲ್ಲಿ ಎರಡು ದಿನ ಕಾಲೇಜಿಗೆ ಹೋಗದಿದ್ದರೆ ಮೇಡಂ ಮನೆಗೇ ಫೋನ್ ಮಾಡುತ್ತಿದ್ದರು. ಅದು ಎಷ್ಟು ದೊಡ್ಡ ಆಸರೆ ಅಂತ ಇಲ್ಲಿಗೆ ಬಂದಮೇಲೆ ತಿಳಿಯಿತು.

ಎರಡನೇ ವಾರ ನನಗೆ ಒಂದು ಲ್ಯಾಬ್ ಕೈತಪ್ಪಿತು. ನೋಂದಣಿ ಯಾವತ್ತು ಶುರುವಾಯಿತೋ ಯಾವತ್ತು ಸೀಟು ತುಂಬಿತೋ ನನಗೆ ಗೊತ್ತೇ ಆಗಲಿಲ್ಲ. ಮೂರು ದಿನ ಯಾರಿಗೂ ಹೇಳದೆ ಒಳಗೊಳಗೇ ಕೊರಗಿದೆ. ಕೊನೆಗೆ ವಾರಂಗಲ್ ಹುಡುಗಿಯೇ ಗದರಿದಳು, ಪ್ರೊಫೆಸರ್‌ಗೆ ವಾರಕ್ಕೊಮ್ಮೆ ಭೇಟಿಯ ಸಮಯ ಇರುತ್ತದೆ, ಹೋಗಿ ಕೇಳು ಅಂತ. ಹೋದೆ. ಅವರು ಕೂರಿಸಿ, ಪೂರ್ತಿ ಕೇಳಿಸಿಕೊಂಡು, ಕಾಯುವವರ ಪಟ್ಟಿಯಲ್ಲಿ ಹೆಸರು ಬರೆದುಕೊಂಡರು. ಮುಂದಿನ ವಾರ ಒಬ್ಬರು ಬಿಟ್ಟರು, ಆ ಸೀಟು ನನಗೆ ಬಂತು. ಅಳದಿದ್ದರೆ ತಾಯಿಯೂ ಹಾಲು ಕೊಡಲ್ಲ ಅಂತ ಅಜ್ಜಿ ಹೇಳುತ್ತಿದ್ದರಲ್ವಾ, ಅದೇ ನೆನಪಾಯಿತು. ಪುಟ್ಟ ಸಂಕೋಚದ ಹುಡುಗ. ನನಗಿರುವ ಭಯ ಅದೊಂದೇ. ಬಾಯಿ ಬಿಟ್ಟು ಕೇಳೋದನ್ನು ಈಗಿಂದಲೇ ರೂಢಿ ಮಾಡಿಸಿ. ಬ್ಯಾಂಕಿಗೆ, ವೀಸಾ ಕೆಲಸಕ್ಕೆ ಅವನೊಬ್ಬನೇ ಹೋಗಲಿ.

ಇಲ್ಲಿ ಈಗ ನವೆಂಬರ್ ಕೊನೆ, ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಅವನು ಬರುವ ಹೊತ್ತಿಗೆ ಬೆಳಕು ಜಾಸ್ತಿಯಾಗಿರುತ್ತದೆ, ಅದು ಒಳ್ಳೆಯದಾಯಿತು. ಕೆಮ್ನಿಟ್ಸ್ ನನ್ನಿಂದ ರೈಲಲ್ಲಿ ಸುಮಾರು ಒಂದು ಗಂಟೆ. ಮೊದಲ ದಿನ ನಾನೇ ಸ್ಟೇಷನ್ನಿಗೆ ಹೋಗಿ ಕರೆದುಕೊಳ್ಳುತ್ತೇನೆ, ಕಚೇರಿಗೂ ಜೊತೆಗೆ ಹೋಗುತ್ತೇನೆ.

ಅಲ್ಲಿ ವಿದ್ಯಾರ್ಥಿಗಳ ಹಾಸ್ಟೆಲ್ ನೋಡಿಕೊಳ್ಳುವುದು ಸ್ಟುಡೆಂಟೆನ್‌ವೆರ್ಕ್ ಅನ್ನುವ ಸಂಸ್ಥೆ. ಅರ್ಜಿಯನ್ನು ಈ ವಾರವೇ ಹಾಕಲಿ, ತಡವಾದರೆ ಕಾಯಬೇಕಾಗುತ್ತದೆ. ಹೊರಗಿನ ರೂಮಾದರೆ, ನೋಡದೆ ಯಾರಿಗೂ ಅಡ್ವಾನ್ಸ್ ಕಳಿಸಬೇಡಿ, ನಾನು ಹೋಗಿ ನೋಡಿಬರುತ್ತೇನೆ. ಅಡ್ಮಿಷನ್ ಲೆಟರ್ ಫೋಟೋ ನನ್ನ ನಂಬರಿಗೆ ಹಾಕಲು ಹೇಳಿ. ಶನಿವಾರ ನಿಮಗೆ ಸಂಜೆ ಏಳಾದಾಗ ನಾನೇ ಫೋನ್ ಮಾಡುತ್ತೇನೆ, ನನಗೆ ಆಗ ಮಧ್ಯಾಹ್ನ ಎರಡೂವರೆ. ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನನ್ನ ಸ್ಟಾಪ್ ಬಂತು, ಇಳಿಯುತ್ತೇನೆ.