ಡಿಟಿಪಿ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿಗೆ ವಿಂಡೋಸ್ ಮುಂದುವರಿಸಬೇಕೇ, ಲಿನಕ್ಸ್ ಹಾಕಿಸಬೇಕೇ?

ಪ್ರಶ್ನೆ: ಗುಬ್ಬಿ ಡಿಟಿಪಿ

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ನಾನು ಜೆರಾಕ್ಸ್, ಡಿಟಿಪಿ ಮತ್ತು ಆನ್‌ಲೈನ್ ಅರ್ಜಿಗಳ ಸಣ್ಣ ಅಂಗಡಿ ನಡೆಸುತ್ತಿದ್ದೇನೆ. ಮೂರು ಕಂಪ್ಯೂಟರ್‌ಗಳಿದ್ದು, ಮೂರೂ ಇಂಟೆಲ್‌ನ ಆರನೆಯ ತಲೆಮಾರಿನ ಐ3 ಪ್ರೊಸೆಸರ್ ಮತ್ತು 4 ಜಿಬಿ ರ‍್ಯಾಮ್ ಇರುವಂಥವು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಎಂಟನೆಯ ಅಥವಾ ಆಮೇಲಿನ ತಲೆಮಾರಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕಾದ್ದರಿಂದ ನಮ್ಮ ಯಂತ್ರಗಳು ಅದಕ್ಕೆ ಅರ್ಹವಾಗುವುದಿಲ್ಲ. ಸಾಲದ್ದಕ್ಕೆ, ಅಸೆಂಬಲ್ ಮಾಡಿಕೊಟ್ಟವರು ಎರಡರಲ್ಲಿ ಲೈಸೆನ್ಸ್ ಇಲ್ಲದ ವಿಂಡೋಸ್ ಹಾಕಿದ್ದಾರೆ.

ಲಗ್ನಪತ್ರಿಕೆ ಮತ್ತು ಕರಪತ್ರಗಳನ್ನು ಕನ್ನಡ ಟೈಪಿಂಗ್‌ನ ನುಡಿ, ಪುಟವಿನ್ಯಾಸದ ಪೇಜ್‌ಮೇಕರ್ ಮತ್ತು ಚಿತ್ರವಿನ್ಯಾಸದ ಕೋರೆಲ್‌ಡ್ರಾ ಬಳಸಿ ಮಾಡುತ್ತೇವೆ. ಪಹಣಿ ತೆಗೆಯುವುದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು ದಿನವಿಡೀ ಇರುತ್ತದೆ. ಕೆಲವು ವರ್ತಕರ ಟ್ಯಾಲಿ ಲೆಕ್ಕವೂ ನಮ್ಮಲ್ಲಿದೆ. ಮೂರನ್ನೂ ಮಾರಿ ಹೊಸದು ತರುವಷ್ಟು ವ್ಯಾಪಾರವಿಲ್ಲ. ವಿಂಡೋಸ್ ಬದಲು ಉಚಿತವಾಗಿ ಹಾಕಿಕೊಳ್ಳಬಹುದಾದ ಲಿನಕ್ಸ್‌ನಿಂದ ಇಷ್ಟೂ ಕೆಲಸ ಸಾಗುತ್ತದೆಯೇ ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ತುಮಕೂರು ಸರ್ವಿಸ್

ಸರ್, ಯಾವ ಓಎಸ್ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಒಳ್ಳೆಯದು ಎಂಬುದಕ್ಕಿಂತ ನಿಮ್ಮ ಯಾವ ಕೆಲಸ ವಿಂಡೋಸ್‌ಗೆ ಕಟ್ಟುಬಿದ್ದಿದೆ ಎಂಬುದನ್ನು ಮೊದಲು ಬೇರ್ಪಡಿಸಿ ನೋಡಿ. ಪಹಣಿ, ನಾಡಕಚೇರಿಯ ಅರ್ಜಿಗಳು, ಸೇವಾ ಸಿಂಧು ಇವೆಲ್ಲ ಬ್ರೌಸರ್‌ನಲ್ಲಿ ನಡೆಯುವ ಕೆಲಸಗಳು. ಫೈರ್‌ಫಾಕ್ಸ್ ಅಥವಾ ಕ್ರೋಮ್ ಇದ್ದರೆ ಸಾಕು. ಕೌಂಟರ್‌ನಲ್ಲಿರುವ ಯಂತ್ರಕ್ಕೆ ಲಿನಕ್ಸ್‌ನ ಒಂದು ಬಗೆಯಾದ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಧೈರ್ಯವಾಗಿ ಹಾಕಿಸಿ. ಅದು 4 ಜಿಬಿ ರ‍್ಯಾಮ್‌ನಲ್ಲಿ ನಡೆಯುತ್ತದೆ, ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಇನ್ನೂ ಒಳ್ಳೆಯದು.

ಕೌಂಟರ್ ಯಂತ್ರದ ವಿಷಯವನ್ನು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಗಿರಾಕಿಗಳು ತರುವ ಪೆನ್‌ಡ್ರೈವ್‌ಗಳಲ್ಲಿ ಶಾರ್ಟ್‌ಕಟ್ ವೈರಸ್ ಇಲ್ಲದ್ದು ಅಪರೂಪ. ಅದು ಮೂಲ ಫೈಲುಗಳನ್ನೆಲ್ಲ ಹೆಸರೇ ಇಲ್ಲದ ಒಂದು ಫೋಲ್ಡರ್‌ಗೆ ತಳ್ಳಿ, ಆ ಫೋಲ್ಡರನ್ನು ಮರೆಮಾಡಿ, ಹೊರಗೆ ಒಂದು ಶಾರ್ಟ್‌ಕಟ್ ಮಾತ್ರ ಉಳಿಸುತ್ತದೆ. ವಿಂಡೋಸ್‌ನಲ್ಲಿ ಅದರ ಮೇಲೆ ಎರಡು ಬಾರಿ ಒತ್ತಿದರೆ ನಿಮ್ಮ ಯಂತ್ರಕ್ಕೂ ಅಂಟಿತು, ಮುಂದಿನ ಗಿರಾಕಿಯ ಪೆನ್‌ಡ್ರೈವ್‌ಗೂ ಅಂಟಿತು. ಲಿನಕ್ಸ್‌ನಲ್ಲಿ ಆ ಶಾರ್ಟ್‌ಕಟ್ ಏನೂ ಮಾಡಲಾರದ ಒಂದು ಸಣ್ಣ ಫೈಲ್ ಅಷ್ಟೇ, ಮರೆಮಾಡಿದ ಫೋಲ್ಡರೂ ಸಾಮಾನ್ಯವಾಗಿ ಕಣ್ಣೆದುರಿಗೇ ಇರುತ್ತದೆ. ಪ್ರಿಂಟ್‌ಗೆ ಬಂದವರ ಫೈಲ್ ಸಿಗುತ್ತದೆ, ನಿಮ್ಮ ಯಂತ್ರವೂ ಉಳಿಯುತ್ತದೆ.

ಡಿಟಿಪಿಯ ಕಥೆ ಬೇರೆ. ಪೇಜ್‌ಮೇಕರ್ ಮತ್ತು ಕೋರೆಲ್‌ಡ್ರಾ ಲಿನಕ್ಸ್‌ಗೆ ಇಲ್ಲ. ಎಲ್ಲ ಯಂತ್ರಗಳಲ್ಲೂ ಓದಲು ಬರುವ ಯೂನಿಕೋಡ್ ಕನ್ನಡವನ್ನು ಲಿನಕ್ಸ್‌ನಲ್ಲಿ ಸಿಗುವ ಚಿತ್ರವಿನ್ಯಾಸದ ಇಂಕ್‌ಸ್ಕೇಪ್ ಸರಿಯಾಗಿ ತೋರಿಸುತ್ತದೆ, ಪುಟವಿನ್ಯಾಸದ ಸ್ಕ್ರೈಬಸ್ ಕೂಡ ಈಚಿನ ಆವೃತ್ತಿಗಳಲ್ಲಿ ಒತ್ತಕ್ಷರಗಳನ್ನು ಒಡೆಯುವುದಿಲ್ಲ. ಆದರೆ ನಿಮ್ಮ ಹಳೆಯ ಲಗ್ನಪತ್ರಿಕೆಗಳು ನುಡಿಯ ಆಸ್ಕಿ ಫಾಂಟ್‌ಗಳಲ್ಲಿರುತ್ತವೆ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ಕೊಟ್ಟ ಹಳೆಯ ಫಾಂಟ್‌ಗಳಲ್ಲಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ವಧೂವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳೇನೋ ಇವೆ, ಆದರೆ ಕೋರೆಲ್‌ಡ್ರಾ ಫೈಲಿನೊಳಗಿನ ವಿನ್ಯಾಸವನ್ನು ಅವು ಹಾಗೇ ತಂದುಕೊಡುವುದಿಲ್ಲ. ಮದುವೆ ಸೀಸನ್‌ನಲ್ಲಿ ಈ ಪ್ರಯೋಗ ಬೇಡವೇ ಬೇಡ. ಡಿಟಿಪಿ ಯಂತ್ರದಲ್ಲಿ ವಿಂಡೋಸ್ ಇರಲಿ.

ಹೊಸದಾಗಿ ಟೈಪ್ ಮಾಡುವುದಕ್ಕೆ ಮಾತ್ರ ತೊಂದರೆಯಿಲ್ಲ. ಲಿನಕ್ಸ್‌ನಲ್ಲಿ ಭಾಷೆಗಳನ್ನು ಟೈಪ್ ಮಾಡಿಸುವ ಐಬಸ್ ಎಂಬ ತಂತ್ರಾಂಶದಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸವನ್ನು ಆರಿಸಿಕೊಂಡರೆ ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಕಲಿಯಬೇಕಾದ್ದು ಹೆಚ್ಚೇನಿಲ್ಲ. ಫಾಂಟ್‌ಗಳಲ್ಲಿ ಲೋಹಿತ್, ನವಿಲು ಇವೆ, ನಿಮ್ಮೂರಿನ ಹೆಸರಿನ ಗುಬ್ಬಿಯೂ ಇದೆ.

ಉತ್ತರ: ಲೆಕ್ಕಪತ್ರ, ತಿಪಟೂರು

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಟ್ಯಾಲಿಯ ವಿಷಯವನ್ನು ಅವರು ಮುಟ್ಟಲೇ ಇಲ್ಲ. ಟ್ಯಾಲಿಯ ಈಗಿನ ರೂಪವಾದ ಟ್ಯಾಲಿಪ್ರೈಮ್ ವಿಂಡೋಸ್‌ಗೆಂದೇ ಮಾಡಿದ ತಂತ್ರಾಂಶ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಎಂಬ ಪದರದ ಮೇಲೆ ಅದನ್ನು ಓಡಿಸಲು ಪ್ರಯತ್ನಿಸುವವರಿದ್ದಾರೆ, ಆದರೆ ಇನ್ನೊಬ್ಬರ ಲೆಕ್ಕ ನಮ್ಮ ಕೈಯಲ್ಲಿರುವಾಗ ಅಂಥ ಸಾಹಸ ಸಲ್ಲದು. ಜಿಎಸ್‌ಟಿ ಪೋರ್ಟಲ್ ಎಲ್ಲ ಬ್ರೌಸರ್‌ಗಳಲ್ಲೂ ತೆರೆಯುತ್ತದೆ ನಿಜ, ಆದರೆ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಚುಚ್ಚಿ ಸಹಿ ಮಾಡುವ ಹಂತಕ್ಕೆ ಬಂದಾಗ ಡ್ರೈವರ್‌ನ ಪ್ರಶ್ನೆ ಏಳುತ್ತದೆ. ಆಧಾರ್‌ನ ಬೆರಳಚ್ಚು ಯಂತ್ರವೇನಾದರೂ ಇದ್ದರೆ ಅದನ್ನು ನಡೆಸುವ ಆರ್‌ಡಿ ಸರ್ವಿಸ್ ಎಂಬ ತಂತ್ರಾಂಶ ಕೂಡ ಹೆಚ್ಚಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೇ ಸಿಗುವುದು.

ಆದ್ದರಿಂದ ಟ್ಯಾಲಿ ಯಂತ್ರಕ್ಕೂ ವಿಂಡೋಸ್ ಬೇಕು, ಅದೂ ಲೈಸೆನ್ಸ್ ಇರುವ ವಿಂಡೋಸ್. ಕ್ರ್ಯಾಕ್ ಮಾಡಿದ ಪ್ರತಿಯನ್ನು ನಾನು ಆಯ್ಕೆ ಎಂದೇ ಪರಿಗಣಿಸುವುದಿಲ್ಲ. ಅದನ್ನು ಮಾಡಿಕೊಡುವ ಉಪಕರಣದ ಜೊತೆ ಇನ್ನೇನು ಒಳಗೆ ಬಂದಿದೆಯೋ ತಿಳಿಯದು, ವರ್ತಕರ ಬ್ಯಾಂಕ್ ಪಾಸ್‌ವರ್ಡ್‌ಗಳೂ ಅದೇ ಯಂತ್ರದಲ್ಲಿರುತ್ತವೆ. ಅಸಲಿ ವಿಂಡೋಸ್ 10 ಇರುವ ಮನೆ ಬಳಕೆಯ ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳನ್ನು ಮೈಕ್ರೋಸಾಫ್ಟ್ ಘೋಷಿಸಿತ್ತು, ಆದರೆ ಆ ಯೋಜನೆ ವ್ಯಾಪಾರಕ್ಕೆ ಬಳಸುವ ಯಂತ್ರಗಳಿಗೆಂದು ಮಾಡಿದ್ದಲ್ಲ. ಡಿಟಿಪಿ ಮತ್ತು ಟ್ಯಾಲಿ ಎರಡನ್ನೂ ಒಂದೇ ಹೊಸ ಯಂತ್ರಕ್ಕೆ ಸೇರಿಸಿ, ಅದಕ್ಕೆ ಬಿಲ್ ಸಹಿತ ವಿಂಡೋಸ್ 11 ತೆಗೆದುಕೊಳ್ಳಿ. ಯಂತ್ರದ ಜೊತೆಗೇ ಬರುವ ಓಇಎಂ ಲೈಸೆನ್ಸ್ ಬೇರೆ ಯಂತ್ರಕ್ಕೆ ಸಾಗುವುದಿಲ್ಲವೆಂಬುದನ್ನೂ ನೆನಪಿಟ್ಟುಕೊಳ್ಳಿ.

ಉತ್ತರ: ಕೋಲಾರದ ಮೇಷ್ಟ್ರು

ಒಂದು ಮಾತು ಸೇರಿಸುತ್ತೇನೆ. ಲಿನಕ್ಸ್‌ನಂಥ ಮುಕ್ತ ತಂತ್ರಾಂಶ ಪುಕ್ಕಟೆ ಸಿಕ್ಕರೂ ಅದರ ಬೆಂಬಲಕ್ಕೆ ಖರ್ಚಿದೆ. ಮುಕ್ತ ತಂತ್ರಾಂಶವನ್ನೇ ನಂಬಿ ಬೆಳೆದ ರೆಡ್ ಹ್ಯಾಟ್ ಕಂಪನಿಯನ್ನು 2019ರಲ್ಲಿ ಐಬಿಎಂ ಸುಮಾರು 3,400 ಕೋಟಿ ಡಾಲರ್ ಕೊಟ್ಟು ಕೊಂಡಿತು; ಅಲ್ಲಿ ಹಣ ಬರುವುದು ಬೆಂಬಲಕ್ಕೆ. ನಿಮ್ಮ ಅಂಗಡಿಯಲ್ಲೂ ಲಿನಕ್ಸ್ ಕೆಟ್ಟರೆ ಸರಿಮಾಡಲು ಗುಬ್ಬಿಯಲ್ಲೋ ತುಮಕೂರಿನಲ್ಲೋ ಯಾರಿದ್ದಾರೆ ಎಂದು ಮೊದಲೇ ಗೊತ್ತುಮಾಡಿಕೊಂಡು, ಅವರಿಗೆ ಸಲ್ಲಬೇಕಾದ ದುಡ್ಡನ್ನು ಖರ್ಚಿನ ಲೆಕ್ಕಕ್ಕೆ ಸೇರಿಸಿ. ಅಂಥವರು ಇಲ್ಲದಿದ್ದರೆ ನೀವೇ ಕಲಿಯಬೇಕಾಗುತ್ತದೆ. ಅದು ಕೈಲಾಗದ ಕೆಲಸವೇನಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುತ್ತಿರುವುದೇ ಲಿನಕ್ಸ್‌ನಲ್ಲಿ.

ಗುಬ್ಬಿ ಡಿಟಿಪಿ

ಎಲ್ಲರಿಗೂ ಧನ್ಯವಾದಗಳು. ಕೌಂಟರ್‌ನ ಎರಡು ಹಳೆಯ ಯಂತ್ರಗಳಿಗೆ ಮಿಂಟ್ ಹಾಕಿಸಿ, ಡಿಟಿಪಿ ಮತ್ತು ಟ್ಯಾಲಿಗೆ ಒಂದು ಹೊಸ ಯಂತ್ರ ತರುವುದು ನಮ್ಮ ಕೈಗೆಟುಕುವಂತೆ ಕಾಣುತ್ತದೆ. ಉಳಿದದ್ದು ಒಂದೇ ಅನುಮಾನ: ಕೌಂಟರ್‌ನಲ್ಲಿರುವ ಹಳೆಯ ಲೇಸರ್ ಪ್ರಿಂಟರ್ ಮಿಂಟ್‌ನಲ್ಲಿ ಕೆಲಸ ಮಾಡುತ್ತದೆಯೇ?

ತುಮಕೂರು ಸರ್ವಿಸ್

ಮಾಡೆಲ್ ನೋಡದೆ ಹೇಳಲಾಗದು ಸರ್. ಎಚ್‌ಪಿಯವಾದರೆ ಎಚ್‌ಪಿಎಲ್‌ಐಪಿ ಎಂಬ ಡ್ರೈವರ್ ಇರುವುದರಿಂದ ಬಹುತೇಕ ನಡೆಯುತ್ತವೆ. ತಯಾರಕರು ವಿಂಡೋಸ್ ಡ್ರೈವರ್ ಮಾತ್ರ ಕೊಟ್ಟು ಕೈತೊಳೆದುಕೊಂಡ ಕೆಲವು ಹಳೆಯ ಮಾಡೆಲ್‌ಗಳು ಬಹಳ ಸತಾಯಿಸುತ್ತವೆ. ಏನನ್ನೂ ಅಳಿಸುವ ಮೊದಲು ಮಿಂಟ್ ಅನ್ನು 8 ಜಿಬಿ ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಕಂಪ್ಯೂಟರ್ ಶುರುಮಾಡಿ. ಪ್ರಿಂಟರ್‌ನ ಕೇಬಲ್ ಜೋಡಿಸಿ ಒಂದು ಪಹಣಿ ತೆಗೆದು ನೋಡಿ, ಸ್ಕ್ಯಾನರ್ ಇದ್ದರೆ ಅದನ್ನೂ ಪರೀಕ್ಷಿಸಿ. ಪ್ರಿಂಟ್ ಬಾರದಿದ್ದರೆ ಮಾಡೆಲ್ ಹೆಸರನ್ನು ಇಲ್ಲಿ ಬರೆಯಿರಿ, ಡ್ರೈವರ್ ಇದೆಯೇ ಎಂದು ಹುಡುಕಿ ಹೇಳುತ್ತೇನೆ.