ನ್ಯಾಯಾಧೀಶರ ಚುನಾವಣೆಗೆ ನಿಂತ ‘ಟ್ರಯಲ್ ಲಾಯರ್’: ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ನ್ಯಾಯಾಧೀಶರು ಒಂದಲ್ಲ ಒಂದು ಬಗೆಯಲ್ಲಿ ಮತದಾರರ ಮುಂದೆ ಬರಬೇಕಾಗುತ್ತದೆ. ಟೆಕ್ಸಾಸ್‌ನಲ್ಲಂತೂ ಅವರು ಪಕ್ಷದ ಅಭ್ಯರ್ಥಿಗಳಾಗಿಯೇ ನಿಲ್ಲುತ್ತಾರೆ. ಈ ಪದ್ಧತಿಯನ್ನು ಕನ್ನಡ ಓದುಗರಿಗೆ ಪರಿಚಯಿಸುವ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅಲ್ಲಿನ ಅಭ್ಯರ್ಥಿಗಳು ತಮ್ಮನ್ನು ‘ಅನುಭವಿ ಟ್ರಯಲ್ ಲಾಯರ್’ ಎಂದು ಹೇಳಿಕೊಳ್ಳುವುದು ರೂಢಿ. ಅದಕ್ಕೆ ‘ಹಿರಿಯ ವಿಚಾರಣಾ ವಕೀಲರು’ ಎಂಬ ಪ್ರಯೋಗವನ್ನು ಮಿತ್ರರೊಬ್ಬರು ಸೂಚಿಸಿದ್ದಾರೆ. ಆ ಎರಡು ವಿಶೇಷಣಗಳನ್ನೂ ಒಪ್ಪುವುದು ನನಗೆ ಕಷ್ಟವಾಗಿದೆ.

ಮೊದಲಿಗೆ ‘ಹಿರಿಯ’. ನಮ್ಮಲ್ಲಿ ‘ಹಿರಿಯ ವಕೀಲ’ ಎಂಬುದು ವಯಸ್ಸನ್ನಾಗಲಿ ಅನುಭವವನ್ನಾಗಲಿ ಮಾತ್ರ ಹೇಳುವ ಮಾತಲ್ಲ. 1961ರ ವಕೀಲರ ಅಧಿನಿಯಮದ 16ನೇ ಕಲಮಿನಂತೆ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ನೀಡುವ ಮನ್ನಣೆ ಅದು. ಅಮೆರಿಕದಲ್ಲಿ ಅಂತಹ ಮನ್ನಣೆಯೇ ಇಲ್ಲದಿರುವಾಗ ‘ಅನುಭವಿ’ ಎಂದರೆ ಸಾಕು.

‘ವಿಚಾರಣಾ’ ಎಂಬುದು ಇದಕ್ಕಿಂತ ತೊಡಕಿನದು. ಪೊಲೀಸರು ಠಾಣೆಗೆ ಕರೆಸಿ ಮಾಡುವುದೂ ವಿಚಾರಣೆ, ಇಲಾಖೆಯವರು ನೌಕರನ ಮೇಲೆ ನಡೆಸುವುದೂ ವಿಚಾರಣೆ, ಹೈಕೋರ್ಟ್ ಮುಂದಿನ ವಾರಕ್ಕೆ ಮುಂದೂಡುವುದೂ ವಿಚಾರಣೆಯೇ. ಟ್ರಯಲ್ ಲಾಯರ್ ಎಂದರೆ ಸಾಕ್ಷಿಗಳನ್ನು ಕಟಕಟೆಗೆ ಕರೆಸಿ ಹೇಳಿಕೆ ಪಡೆಯುವ, ಎದುರಾಳಿಯ ಸಾಕ್ಷಿಗೆ ಪಾಟೀಸವಾಲು ಹಾಕುವ, ತೀರ್ಪು ಹೇಳುವ ಜನಸಾಮಾನ್ಯರ ತಂಡವಾದ ಜ್ಯೂರಿಯ ಸದಸ್ಯರನ್ನು ಆರಿಸುವಾಗ ಪ್ರಶ್ನೆ ಕೇಳಿ ಕೆಲವರನ್ನು ಬೇಡವೆನ್ನುವ, ಕೊನೆಗೆ ಆ ಜನಸಾಮಾನ್ಯರ ಎದುರೇ ವಾದ ಮಂಡಿಸುವ ವಕೀಲ. ಅಮೆರಿಕದ ಬಹುಪಾಲು ವಕೀಲರು ಕರಾರುಪತ್ರ, ಉಯಿಲು, ತೆರಿಗೆಗಳ ಕೆಲಸದಲ್ಲಿದ್ದು ಇದನ್ನು ಮಾಡುವುದೇ ಇಲ್ಲ. ಆದುದರಿಂದಲೇ ಅಲ್ಲಿ ಆ ವಿಶೇಷಣಕ್ಕೆ ಬೆಲೆ. ನಮ್ಮ ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳಲ್ಲಿ ಕೇಸು ನಡೆಸುವವರಿಗೆ ಪಾಟೀಸವಾಲು ದಿನನಿತ್ಯದ ಕೆಲಸವಾದ್ದರಿಂದ ಅದಕ್ಕೊಂದು ಬೇರೆ ಹೆಸರು ಬೇಕಾಗಲಿಲ್ಲ. ಜ್ಯೂರಿ ಪದ್ಧತಿಯಂತೂ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಉಳಿಯಲೇ ಇಲ್ಲ. ‘ಸಾಕ್ಷಿ ವಿಚಾರಣೆ ನಡೆಸಿ ಪಳಗಿದ ವಕೀಲರು’ ಎಂದು ಬಿಡಿಸಿ ಬರೆಯುವುದು ಉದ್ದವಾದರೂ ನನಗೆ ಹೆಚ್ಚು ಒಪ್ಪಿಗೆ. ಕೋರ್ಟಿನ ಆವರಣದಲ್ಲಿ ‘ಟ್ರಯಲ್ ನಡೆಸೋ ಲಾಯರು’ ಎಂದೇ ಹೇಳುತ್ತಾರೆ ಎಂಬುದನ್ನೂ ಮರೆಯಲಾಗದು.

ಒಂದು ನಿಜವಾದ ಪ್ರಸಂಗಕ್ಕೆ ಈ ಮಾತುಗಳನ್ನು ಹೊಂದಿಸಿ ನೋಡೋಣ. ಕಾಸರಗೋಡು ಜಿಲ್ಲೆಯಲ್ಲಿ ಹುಟ್ಟಿ, ಬೀಡಿ ಕಟ್ಟುತ್ತ ಓದಿ, ಅದೇ ಜಿಲ್ಲೆಯ ಹೊಸದುರ್ಗದಲ್ಲಿ ವಕೀಲಿ ಆರಂಭಿಸಿದ ಸುರೇಂದ್ರನ್ ಪಟ್ಟೇಲ್ ಅವರು 2007ರಲ್ಲಿ ಟೆಕ್ಸಾಸ್‌ಗೆ ಹೋದರು, ಅಲ್ಲಿನ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರು, 2017ರಲ್ಲಿ ಅಮೆರಿಕದ ಪೌರರಾದರು. 2020ರಲ್ಲಿ ಒಮ್ಮೆ ಸೋತ ಅವರು 2022ರಲ್ಲಿ ಫೋರ್ಟ್ ಬೆಂಡ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗ) ಮೊದಲು ಡೆಮಾಕ್ರಟಿಕ್ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲಿ ಹಾಲಿ ನ್ಯಾಯಾಧೀಶರನ್ನೂ, ನವೆಂಬರಿನಲ್ಲಿ ರಿಪಬ್ಲಿಕನ್ ಅಭ್ಯರ್ಥಿಯನ್ನೂ ಸೋಲಿಸಿ 240ನೇ ಜಿಲ್ಲಾ ನ್ಯಾಯಾಲಯದ ನ್ಯಾಯಾಧೀಶರಾದರು. ಇದನ್ನು ಬರೆಯುವಾಗ ‘ನ್ಯಾಯಮೂರ್ತಿ’ ಎಂಬ ಪದ ಸಲ್ಲದು. ನಮ್ಮಲ್ಲಿ ಅದು ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ನವರಿಗೆ ಮೀಸಲು. ಟೆಕ್ಸಾಸ್‌ನ ‘ಕೌಂಟಿ ಜಡ್ಜ್’ ಹುದ್ದೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ದೊಡ್ಡ ಕೌಂಟಿಗಳಲ್ಲಿ ಅವರು ಮುಖ್ಯವಾಗಿ ಆಡಳಿತದ ಮುಖ್ಯಸ್ಥರು, ಅವರನ್ನು ‘ಕೌಂಟಿ ನ್ಯಾಯಾಧೀಶ’ ಎಂದರೆ ಓದುಗರು ದಾರಿ ತಪ್ಪುತ್ತಾರೆ.

‘ನ್ಯಾಯಾಧೀಶ ಚುನಾವಣೆ’ ಎಂಬ ಮಾತೂ ಬರಿದಾಗಿ ಬಂದರೆ ಸಾಲದು. ಏಳು ವರ್ಷ ವಕೀಲಿ ಮಾಡಿದವರನ್ನು ಹೈಕೋರ್ಟಿನ ಶಿಫಾರಸಿನ ಮೇಲೆ ರಾಜ್ಯಪಾಲರು ಜಿಲ್ಲಾ ನ್ಯಾಯಾಧೀಶರನ್ನಾಗಿ ನೇಮಿಸುವುದು ಸಂವಿಧಾನದ 233ನೇ ವಿಧಿಯ ಕ್ರಮ. ಅದನ್ನೇ ಬಲ್ಲ ಓದುಗರು ವಕೀಲರು ಚುನಾವಣೆಗೆ ನಿಂತರೆಂದಾಗ ವಕೀಲರ ಸಂಘದ ಚುನಾವಣೆಯೆಂದೇ ಭಾವಿಸುವ ಸಂಭವವಿದೆ. ‘ಮತದಾರರು ಆರಿಸುವ ನ್ಯಾಯಾಧೀಶ ಹುದ್ದೆಗೆ ಸ್ಪರ್ಧಿಸಿದ್ದಾರೆ’ ಎಂಬಷ್ಟು ವಿವರ ಬೇಕೇ ಬೇಕು. ಈ ಅಭ್ಯರ್ಥಿಗಳ ಪ್ರಚಾರದ ಮಾತುಗಳಿಗೆ ‘ಪ್ರಣಾಳಿಕೆ’ ಎಂಬ ಪದವನ್ನೂ ಕೈಬಿಡಬೇಕೆಂದು ನನ್ನ ಅಭಿಪ್ರಾಯ. ಮಿನೆಸೊಟಾದ ಪ್ರಕರಣವೊಂದರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2002ರಲ್ಲಿ, ಇಂತಹ ಅಭ್ಯರ್ಥಿಗಳು ವಿವಾದಿತ ಕಾನೂನು ಪ್ರಶ್ನೆಗಳ ಮೇಲೆ ತಮ್ಮ ನಿಲುವನ್ನು ಹೇಳಿಕೊಳ್ಳುವುದನ್ನು ತಡೆಯುವಂತಿಲ್ಲ ಎಂದಿತು. ಆದರೆ ನಿಲುವು ತಿಳಿಸುವುದು ಬೇರೆ, ಗೆದ್ದರೆ ಇಂಥ ತೀರ್ಪು ಕೊಡುತ್ತೇನೆಂದು ಮಾತು ಕೊಡುವುದು ಬೇರೆ. ನಮ್ಮ ‘ಪ್ರಣಾಳಿಕೆ’ ಭರವಸೆಗಳ ಪಟ್ಟಿಯಾಗಿರುವುದರಿಂದ ಆ ಗೆರೆಯನ್ನು ಅಳಿಸಿಬಿಡುತ್ತದೆ.

ನನಗೆ ಉತ್ತರವೇ ಹೊಳೆಯದಿರುವುದು ‘ರಿಟೆನ್ಷನ್ ಎಲೆಕ್ಷನ್’ ಎಂಬ ಇನ್ನೊಂದು ಪದ್ಧತಿಯ ಹೆಸರಿಗೆ. ಮಿಸ್ಸೂರಿ ರಾಜ್ಯ 1940ರಲ್ಲಿ ಅಳವಡಿಸಿಕೊಂಡ ಕ್ರಮದಲ್ಲಿ ನ್ಯಾಯಾಧೀಶರು ಮೊದಲು ನೇಮಕಗೊಳ್ಳುತ್ತಾರೆ, ಆಮೇಲೆ ಮತಪತ್ರದಲ್ಲಿ ಅವರೊಬ್ಬರದೇ ಹೆಸರಿದ್ದು, ಹುದ್ದೆಯಲ್ಲಿ ಮುಂದುವರಿಯಬೇಕೇ ಎಂಬ ಪ್ರಶ್ನೆಗೆ ಜನರು ಹೌದು ಅಥವಾ ಇಲ್ಲ ಎನ್ನುತ್ತಾರೆ. ಎದುರಾಳಿ ಇಲ್ಲದ ಮೇಲೆ ‘ಸ್ಪರ್ಧೆ’ ಎನ್ನಲಾಗದು. ‘ಅವಿರೋಧ ಆಯ್ಕೆ’ ಎನ್ನುವುದಂತೂ ತಪ್ಪೇ, ಏಕೆಂದರೆ ಇಲ್ಲಿ ಸೋಲುವ ಸಾಧ್ಯತೆಯಿದೆ: ಕ್ಯಾಲಿಫೋರ್ನಿಯಾದ ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1986ರಲ್ಲಿ ಇಂತಹ ಮತದಾನದಲ್ಲಿಯೇ ಹುದ್ದೆ ಕಳೆದುಕೊಂಡರು. ‘ವಿಶ್ವಾಸಮತ’ ಅರ್ಥಕ್ಕೆ ಹತ್ತಿರವಿದ್ದರೂ ಶಾಸನಸಭೆಯ ನೆನಪು ತರುತ್ತದೆ. ಸದ್ಯಕ್ಕೆ ‘ಮುಂದುವರಿಕೆ ಮತದಾನ’ ಎಂದು ಬರೆದುಕೊಂಡಿದ್ದೇನೆ. ನ್ಯಾಯಾಲಯದ ಕನ್ನಡವನ್ನು ದಿನವೂ ಬಳಸುವವರು ಇದಕ್ಕಿಂತ ಸಹಜವಾದ ಪದವನ್ನು ಬಲ್ಲಿರಾದರೆ ದಯಮಾಡಿ ತಿಳಿಸಬೇಕೆಂದು ಕೋರುತ್ತೇನೆ.