ಡೆಸಿಲ್ ಗ್ಲುಕೋಸೈಡ್‌ಗೆ ಬದಲಾದವರು ನಿಮ್ಮ ಅನುಭವ ಹೇಳಿ

ಒಣಚರ್ಮ: ಸಲ್ಫೇಟ್ ಇರೋ ಫೇಸ್‌ವಾಶ್‌ನಿಂದ ಕೆನ್ನೆಯೆಲ್ಲ ಬಿಗಿದು ಸಿಪ್ಪೆ ಏಳ್ತಿದೆ. ಸಲ್ಫೇಟ್ ಬದಲು ಕೊಳೆ ತೆಗೆಯೋ ಪದಾರ್ಥವಾದ ಡೆಸಿಲ್ ಗ್ಲುಕೋಸೈಡ್ ತಂದು ನಾನೇ ಫೇಸ್‌ವಾಶ್ ಮಾಡ್ಕೊಳ್ಳೋಣ ಅಂತಿದ್ದೀನಿ. ಡೆಸಿಲ್ ಒಳ್ಳೇದಾ, ಅದೇ ಜಾತಿಯ ಕೊಕೊ ಗ್ಲುಕೋಸೈಡಾ?

ಮೂರನೇಬ್ಯಾಚ್: ನನ್ನದು ಕೇಳಿ. ಮೊದಲ ಸಲ 500 ಗ್ರಾಂ ಮಾಡಿದೆ, ಅದರಲ್ಲಿ ಡೆಸಿಲ್ 100 ಗ್ರಾಂ. ಪ್ರಿಸರ್ವೇಟಿವ್ ಅಂತ ಸೋಡಿಯಂ ಬೆಂಜೊಯೇಟ್ ಹಾಕಿದ್ದೆ, ಪಿಎಚ್ ನೋಡಲಿಲ್ಲ. ಕಚ್ಚಾ ಡೆಸಿಲ್ ಪಿಎಚ್ 12ರ ಆಸುಪಾಸು, ಅಂದ್ರೆ ಗಟ್ಟಿ ಕ್ಷಾರ; ಬೆಂಜೊಯೇಟ್ ಕೆಲಸ ಮಾಡೋದು ಆಮ್ಲದಲ್ಲಿ. ಮೂರು ವಾರಕ್ಕೆ ಬಾಟಲಿ ಕತ್ತಿನಲ್ಲಿ ಬೂದು ಚುಕ್ಕೆ, ಮುಗ್ಗಲು ವಾಸನೆ. ಅಷ್ಟೂ ಚೆಲ್ಲಿದೆ. ಎರಡನೇದು 400 ಗ್ರಾಂ. ದಪ್ಪ ಆಗಲಿ ಅಂತ ಉಪ್ಪು 4 ಗ್ರಾಂ ಹಾಕಿದೆ, ಮತ್ತೆ 4, ಮತ್ತೆ 4. ನೀರು ನೀರಾಗೇ ಉಳೀತು! ಇದು ನಾನ್-ಅಯಾನಿಕ್, ಅಂದ್ರೆ ವಿದ್ಯುದಾವೇಶ ಇಲ್ಲದ್ದು, ಉಪ್ಪಿಗೆ ಬಗ್ಗೋದಲ್ಲ. ಸಿಟ್ಟಲ್ಲಿ ದಪ್ಪ ಮಾಡೋ ಅಂಟುಪುಡಿ ಕ್ಸಾಂಥನ್ ಗಮ್ ನೇರ ಸುರಿದೆ, ಪೂರ್ತಿ ಗಂಟು. ಮೂರನೇದರಲ್ಲಿ ಗಮ್ಮನ್ನ ಗ್ಲಿಸರಿನ್‌ನಲ್ಲಿ ಕಲಸಿಕೊಂಡು, ಸಿಟ್ರಿಕ್ ಆಸಿಡ್ ಹನಿಹನಿ ಬಿಟ್ಟು ಪಿಎಚ್ 5ಕ್ಕೆ ತಂದೆ. ಹನ್ನೊಂದು ತಿಂಗಳಾಯ್ತು, ಬೇರೆ ಯಾವ ವಾಶೂ ಮುಟ್ಟಿಲ್ಲ.

ಕೆರೆತದವಳು: ನಾನು ಹೀಗೇ ಹೆಮ್ಮೆ ಪಟ್ಕೊಂಡಿದ್ದೆ. ಐದು ತಿಂಗಳು ನೆತ್ತಿ ಕೆರೆದು ಕೆರೆದು ರಸಿಕೆ. ಶ್ಯಾಂಪೂ ಮೂರು ಬದಲಾಯಿಸಿದೆ, ಮೂರರಲ್ಲೂ ಇದೇ ಗ್ಲುಕೋಸೈಡ್. ಕೊನೆಗೆ ಚರ್ಮಕ್ಕೆ ಅಂಟಿಸಿ ಅಲರ್ಜಿ ನೋಡೋ ಪ್ಯಾಚ್ ಟೆಸ್ಟ್: ಡೆಸಿಲ್ ಪಾಸಿಟಿವ್, ಕೊಕೊನೂ ಪಾಸಿಟಿವ್. ಅಮೆರಿಕನ್ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2017ರಲ್ಲಿ ಈ ಗ್ಲುಕೋಸೈಡ್‌ಗಳನ್ನೇ ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿತ್ತು. ಶ್ಯಾಂಪೂ ಬಿಟ್ಟ ಮೇಲೂ ಮುಖ ಉರೀತಿತ್ತು. ನೋಡಿದ್ರೆ ಸನ್‌ಸ್ಕ್ರೀನ್! ಅದರಲ್ಲಿ ಬಿಸಿಲು ತಡೆಯೋ ಟಿನೊಸಾರ್ಬ್ ಎಂ ಜೊತೆ ಡೆಸಿಲ್ ಬರುತ್ತೆ.

ಮೂರನೇಬ್ಯಾಚ್: ಅದು ಕೆಲವರಿಗೆ ಮಾತ್ರ ಆಗೋದು. ಕೇಳಿದವರನ್ನ ಹೆದರಿಸಬೇಡಿ.

ಕೆರೆತದವಳು: ಆ ಕೆಲವರಲ್ಲಿ ನಾನೊಬ್ಬಳು. ದಿಂಬಿನ ಮೇಲೆ ರಕ್ತದ ಕಲೆ ನೋಡಿ ಎದ್ದವಳು ನಾನು, ನೀವಲ್ಲ.

ನೊರೆಬೇಕು: ಬರೀ ಡೆಸಿಲ್‌ನಲ್ಲಿ ತೊಳೆದು ನನ್ನ ಕೂದಲು ತೆಂಗಿನ ನಾರಾಗಿತ್ತು. ಕೊಕಾಮಿಡೊಪ್ರೊಪಿಲ್ ಬೀಟೈನ್ ಅನ್ನೋ ಇನ್ನೊಂದು ನೊರೆ ಪದಾರ್ಥ ಸೇರಿಸಿದ ಮೇಲೆ ನೊರೆಯೂ ಉಳೀತು, ಕೂದಲೂ ನುಣುಪಾಯ್ತು.

ಕೆರೆತದವಳು: ಆ ಬೀಟೈನ್ 2004ರಲ್ಲಿ ವರ್ಷದ ಅಲರ್ಜಿಕಾರಕ. ಅದನ್ನೂ ಹೇಳಿ.

ನೊರೆಬೇಕು: ನಿಮ್ಮ ಲೆಕ್ಕದಲ್ಲಿ ಮೈ ತೊಳೆಯೋದೇ ತಪ್ಪು. ನೈಸರ್ಗಿಕ ಅಂದ್ರೂ ಒಪ್ಪಲ್ಲ.

ಲೇಬಲ್‌ಓದುಗ: ನೈಸರ್ಗಿಕ ಅನ್ನೋ ಮಾತು ಬಿಡಿ. ತೆಂಗು ಅಥವಾ ತಾಳೆ ಎಣ್ಣೆಯ ಫ್ಯಾಟಿ ಆಲ್ಕೋಹಾಲು, ಪಿಷ್ಟದ ಗ್ಲುಕೋಸು, ಎರಡನ್ನೂ ಆಮ್ಲ ಹಾಕಿ ಕಾಯಿಸಿ ಕೂಡಿಸ್ತಾರೆ. ಸಸ್ಯಮೂಲ ಹೌದು, ಗಿಡದಲ್ಲಿ ಬಿಡೋದಲ್ಲ.

ನೊರೆಬೇಕು: ಗಿಡದಲ್ಲಿ ಬಿಡುತ್ತೆ ಅಂತ ನಾನೆಲ್ಲಿ ಹೇಳಿದೆ?

ಒಣಚರ್ಮ: ಕೊಕೊನಾ, ಡೆಸಿಲ್ಲಾ?

ಮೂರನೇಬ್ಯಾಚ್: ಕೊಕೊ ಹೆಚ್ಚು ಮಂದ, ಚಳಿಗೆ ಗಟ್ಟಿಯಾಗುತ್ತೆ, ಬೆಚ್ಚಗೆ ಮಾಡಿ ಅಳೀಬೇಕು. ನಾನು ಡೆಸಿಲ್ ಬಿಡಲ್ಲ.

ಕೆರೆತದವಳು: ಯಾವುದಾದ್ರೂ ಸರಿ, ಮೊದಲು ಒಂದು ವಾರ ಮೊಣಕೈ ಒಳಮಡಿಕೆಗೆ ಹಚ್ಚಿ ತೊಳೆದು ನೋಡಿ. ನಾನು ನೋಡಿರಲಿಲ್ಲ.